ಬೈಲಪ್ಪನ ಸೊಪ್ಪಿನ ಗಾಡಿ

ಕೊತ್ತಂಬರಿ ಸೊಪ್ಪಿನ ವಾಸನೆ ಬಂತು ಅಂದ್ರೆ ಸಾಕು, ನಮ್ಮೂರೋರು ಯಾರೋ ಬಂದಿದಾರೆ ಅಂತ ನನಗೆ ಗೊತ್ತಾಗ್ಬಿಡತ್ತೆ. ಶಿವಾಜಿನಗರದ ಈ ಸರ್ಕಾರಿ ಆಸ್ಪತ್ರೇಲಿ ಫಿನಾಯಿಲ್ ವಾಸನೆ, ಔಷಧಿ ವಾಸನೆ, ಬಾಯಲ್ಲಿ ಹೇಳಬಾರದ ವಾಸನೆ ಎಲ್ಲಾ ಇದೆ. ಅದರ ಮಧ್ಯ ಹಸಿ ಕೊತ್ತಂಬರಿ ಘಮ್ ಅಂದ್ರೆ ನಾನು ಪೊರಕೆ ಗೋಡೆಗೆ ಒರಗ್ಸಿ ಮುಂದಿನ ಮೆಟ್ಲ ಹತ್ರ ಓಡ್ತೀನಿ. ಮೇಸ್ತ್ರಿ ಬೈತಾನೆ. ಬೈಲಿ ಬಿಡಿ, ಬೈಯೋದಕ್ಕೇ ಅವನಿಗೆ ಸಂಬಳ.

ನಮ್ಮೂರು ಹೊಂಗೆಕುಂಟೆ. ಕೆ.ಆರ್. ಪುರ ದಾಟಿ, ಹೊಸಕೋಟೆ ದಾಟಿ, ಮೇನ್ ರೋಡಿಂದ ಇನ್ನೂ ಆರು ಕಿಲೋಮೀಟರ್ ಒಳಕ್ಕೆ. ಅಲ್ಲಿಂದ ಬೆಂಗಳೂರಿಗೆ ತಪ್ಪದೆ ಬರೋದು ಒಂದೇ ಗಾಡಿ, ಬೈಲಪ್ಪನ ಟೆಂಪೊ. ಬೆಳಗಿನ ಜಾವ ರಸೆಲ್ ಮಾರ್ಕೆಟ್ಟಿಗೆ ಕೊತ್ತಂಬರಿ, ಪುದೀನ, ಸಬ್ಬಸಿಗೆ ತರ್ತಾನೆ. ಆ ಕಂತೆಗಳ ಮೇಲೆ ಕೂತ್ಕೊಂಡು ನಮ್ಮೂರ ಕೆಮ್ಮು, ಜ್ವರ, ಬಸುರಿ, ಬಾಣಂತಿ, ಕಣ್ಣಿನ ಪೊರೆ ಎಲ್ಲಾ ಬರತ್ತೆ. ಬೈಲಪ್ಪ ಅವರನ್ನ ಮೆಟ್ಲ ಮೇಲೆ ಇಳ್ಸಿ ಹೇಳಿ ಹೋಗ್ತಾನೆ: "ಇಲ್ಲಿಂದ ಅಲ್ಲಾಡ್ಬೇಡಿ. ಮುನಿಲಕ್ಷ್ಮಕ್ಕ ಬರ್ತಾಳೆ. ಬಂದು ಬೈತಾಳೆ. ಬೈಸ್ಕೊಳ್ಳಿ, ಆಮೇಲೆ ಎಲ್ಲಾ ಸರಿಹೋಯ್ತದೆ."

ಬೈಯ್ದೆ ಇನ್ನೇನು ಮಾಡ್ಲಿ? ಎಮ್ಮೆ ಒಂದು ಹೊತ್ತು ಮೇವು ಬಿಟ್ರೆ ಡಾಕ್ಟ್ರ ಮನೆ ಬಾಗ್ಲು ತಟ್ತಾರೆ, ತಾವು ಎರಡು ತಿಂಗಳು ಕೆಮ್ಮಿ ರಕ್ತ ಬಂದ್ಮೇಲೆ ಬರ್ತಾರೆ. ಬೈದು, ಚೀಟಿ ಮಾಡ್ಸಿ, ಯಾವ ರೂಮು, ಯಾವ ಸಾಲು, ಆಧಾರ್ ಎಲ್ಲಿ, ರೇಷನ್ ಕಾರ್ಡ್ ಎಲ್ಲಿ ಅಂತ ಕೇಳಿ, ಕೈ ಹಿಡ್ಕೊಂಡು ಹೋಗಿ ಡಾಕ್ಟ್ರ ಮುಂದೆ ಕೂರ್ಸ್ತೀನಿ. ನಾನೇನು ದೊಡ್ಡ ಮನುಷ್ಯಳಲ್ಲ. ವಾರ್ಡ್ ಆಯಾ, ಅದೂ ಕಾಂಟ್ರಾಕ್ಟು. ಆದ್ರೆ ಊರೋರಿಗೆ ಕಾಯಿಲೆಗಿಂತ ದೊಡ್ಡ ಭಯ ಒಂದಿರತ್ತೆ. ಬೋರ್ಡ್ ಓದಕ್ಕೆ ಬರಲ್ಲ, ಯಾರನ್ನ ಕೇಳೋದು, ಕೇಳಿದ್ರೆ ಗದರ್ತಾರೇನೋ ಅಂತ. ಒಳಗೆ ನಮ್ಮೋಳು ಒಬ್ಬಳಿದಾಳೆ ಅಂದ್ರೆ ಆ ಭಯ ಅರ್ಧ ಇಳಿಯತ್ತೆ. ಅಷ್ಟೇ ನಾನು.

ಇನ್ನೊಂದು ವಿಷಯ. ಆಸ್ಪತ್ರೆಯಿಂದ ಹೊರಡೋವಾಗ ಯಾರೂ "ಹೋಗಿ ಬರ್ತೀನಿ" ಅನ್ನಲ್ಲ. ಅನ್ನಬಾರದು. ಹಿಂದಕ್ಕೆ ತಿರುಗಿ ನೋಡಲೂಬಾರದು, ನೋಡಿದ್ರೆ ಕಾಯಿಲೆ ಮತ್ತೆ ಕರೀತದೆ ಅಂತ ನಮ್ಮ ಕಡೆ. ನಾನೂ "ಬನ್ನಿ" ಅನ್ನೋ ಹಂಗಿಲ್ಲ. ಅದಕ್ಕೆ ನಮ್ಮೂರೋರು ವಾಸಿಯಾಗಿ ಹೋಗೋವಾಗ ಒಂದು ಮಾತಾಡ್ದೆ ಬೆನ್ನು ತೋರ್ಸಿ ಹೊರಟೋಗ್ತಾರೆ. ಒಂಬತ್ತು ವರ್ಷದಿಂದ ನಾನು ನಮ್ಮೂರೋರ ಬೆನ್ನು ನೋಡ್ತಾ ನಿಂತಿದೀನಿ.

ಊರಿಗೆ ಹೋಗಕ್ಕೇನು, ಹಲಸೂರಲ್ಲಿ ನನ್ನ ರೂಮಿಂದ ಹೊರಟ್ರೆ ಎರಡು ಗಂಟೆ ದಾರಿ. ಆದ್ರೆ ಒಡಹುಟ್ಟಿದ ಅಣ್ಣ ಹೊಸ್ಲು ತುಳೀಬೇಡ ಅಂದ ಮೇಲೆ ಯಾವ ಮುಖ ಇಟ್ಕೊಂಡು ಆ ಊರಿಗೆ ಹೋಗ್ಲಿ? ಎಕ್ಸ್‌ರೇ ಸಾಲಲ್ಲಿ ನಿಂತಿರೋ ಮುದುಕೀನ ಎದೆನೋವು ಹೆಂಗಿದೆ ಅಂತ ಕೇಳೋದು ಬಿಟ್ಟು, ನಮ್ಮನೆ ಮುಂದಿನ ನುಗ್ಗೆ ಮರ ಹೂ ಬಿಟ್ಟಿದ್ಯಾ ಅಂತ ಕೇಳ್ತೀನಿ. ಜಗಲಿ ಮೇಲಿನ ಬೀಸೋ ಕಲ್ಲು ಇದ್ಯಾ, ಹೆಂಚು ತೆಗ್ದು ಶೀಟ್ ಹಾಕ್ಸಿದ್ನಾ, ಅಣ್ಣ ಇನ್ನೂ ಬೀಡಿ ಸೇದ್ತಾನಾ. ಅವರು ಪಾಪ, ಕೆಮ್ಮಿಕೊಂಡೇ ಉತ್ತರ ಹೇಳ್ತಾರೆ.

ಅಣ್ಣನ ಹೆಸರು ಚಲುವಯ್ಯ. ನನಗಿಂತ ಆರು ವರ್ಷ ದೊಡ್ಡೋನು. ನಾನು ಹುಟ್ಟಿದಾಗ ನಮ್ಮಪ್ಪ ಇರ್ಲಿಲ್ಲ, ನನ್ನನ್ನ ಹೆಗಲ ಮೇಲೆ ಹೊತ್ತು ಬೆಳೆಸಿದ್ದು ಅವನೇ. ನಮ್ಮವ್ವಂದು ಎಡಗಾಲು ಒಂಚೂರು ಒಳಕ್ಕೆ ತಿರುಗಿತ್ತು. ನಂದೂ ಹಂಗೇ. ನಾನು ನಡೀತಿದ್ರೆ ಅಣ್ಣ ಹಿಂದಿಂದ "ಅವ್ವನ ಕಾಲು ಬಂತು, ಅವ್ವನ ಕಾಲು ಬಂತು" ಅಂತ ಆಡ್ಕೊಳ್ಳೋನು. ನಾನು ಕಲ್ಲು ತಗೊಂಡು ಹೊಡೆಯೋಳು. ನನ್ನನ್ನ ಲಚ್ಚಿ ಅಂತ ಕರೀತಿದ್ದೋನು ಭೂಮಿ ಮೇಲೆ ಅವನೊಬ್ಬನೇ.

ಆಗಿದ್ದು ಇಷ್ಟು. ಅವ್ವನಿಗೆ ಮೈಯೆಲ್ಲಾ ನೀರು ತುಂಬ್ಕೊಂಡು ಉಸಿರು ಕಟ್ಟಕ್ಕೆ ಶುರುವಾಯ್ತು. ಅಣ್ಣ ಹೇಳ್ದ, ವಯಸ್ಸಾಗೈತೆ, ಮನೇಲೇ ಇರ್ಲಿ, ನನ್ನ ತೊಡೆ ಮೇಲೇ ಹೋಗ್ಲಿ ಅಂತ. ನಾನು ಬಿಡ್ಲಿಲ್ಲ. ನನಗಾಗ ಆಸ್ಪತ್ರೆ ಕೆಲಸ ಸಿಕ್ಕಿ ಆರು ತಿಂಗಳು, ಕೊಂಬು ಬಂದಿತ್ತು. ಇದೇ ಬೈಲಪ್ಪನ ಗಾಡೀಲಿ ಹಾಕ್ಕೊಂಡು ಬಂದೆ. ಡಾಕ್ಟ್ರು ಕೈಲಾದ್ದೆಲ್ಲಾ ಮಾಡಿದ್ರು, ಸುಳ್ಳು ಹೇಳಬಾರದು, ನಾವೇ ತಡ ಮಾಡಿದ್ವಿ. ಮೂರನೇ ದಿನ ಮಧ್ಯಾಹ್ನ ಮೇಸ್ತ್ರಿ ಬಂದು, ಏನಮ್ಮ, ಒಂದು ಬೆಡ್ಡಿಗೆ ಕಾಯೋರು ಇಬ್ಬರು ಯಾಕೆ, ರೂಲ್ಸ್ ಗೊತ್ತಿಲ್ವಾ ಅಂದ. ಹೊಸ ಕೆಲಸ, ಹೆದರ್ಕೊಂಡೆ. "ಅಣ್ಣ, ಒಂಚೂರು ಹೊರಗೆ ಮರದ ಕೆಳಗೆ ಕೂತಿರು" ಅಂತ ನಾನೇ ಕಳಿಸ್ದೆ. ಅವನು ಹೋಗಿ ಕಾಲು ಗಂಟೆ ಆಗಿಲ್ಲ, ಅವ್ವ ಹೊರಟೋದ್ಲು.

ಬಾಯಿಗೆ ನೀರು ಬಿಟ್ಟಿದ್ದು ನಾನು. ಮಗ ಮರದ ಕೆಳಗೆ ಕೂತಿದ್ದ.

ಅವನು ಅಳ್ಲಿಲ್ಲ, ಕೂಗಾಡ್ಲಿಲ್ಲ. ಮಣ್ಣು ಮುಗ್ಸಿ ಬಂದು ಮನೆ ಮುಂದೆ ನಿಂತು ಒಂದೇ ಮಾತು ಹೇಳ್ದ: "ನೀನಾಗ್ಲಿ, ನಿನ್ನ ಆಸ್ಪತ್ರೆಯಾಗ್ಲಿ ನನ್ನ ಹೊಸ್ಲು ತುಳೀಬೇಡಿ." ಅವತ್ತು ನಾನು ಮಡಿಲಕ್ಕಿ ಇಲ್ದೆ ತವರಿಂದ ಹೊರಟೆ. ಅದಕ್ಕೆ ಮುಂಚೆ ಒಂದ್ಸಲವೂ ಹಂಗಾಗಿರ್ಲಿಲ್ಲ. ಎಷ್ಟೇ ಕಷ್ಟ ಇರ್ಲಿ, ಅವ್ವ ಹೊಸ್ಲ ಹತ್ರ ನಿಲ್ಸಿ ಸೆರಗಿಗೆ ಮೂರು ಹಿಡಿ ಅಕ್ಕಿ, ಅಚ್ಚು ಬೆಲ್ಲ, ಕಾಯಿ, ರವಿಕೆ ಕಣ ಹಾಕೋಳು. ನಾನು ಅದರಲ್ಲಿ ಒಂದು ಹಿಡಿ ಅಕ್ಕಿ ತೆಗ್ದು ಮೊರಕ್ಕೆ ವಾಪಸ್ ಹಾಕ್ಬೇಕು. ತವರಿನ ಮಡಕೆ ಬರಿದಾಗ್ಬಾರದು, ಮಗಳು ಮತ್ತೆ ಬರ್ಬೇಕು, ಅದಕ್ಕೆ. ವಾಪಸ್ ಹಾಕ್ದೆ ಹೋದ್ರೆ ಅವ್ವ ಬಾಗ್ಲಲ್ಲೇ ತಡೆಯೋಳು.

ಹಂಗೆ ಒಂಬತ್ತು ವರ್ಷ ಹೋಯ್ತು. ಅದರ ಮಧ್ಯ ನಮ್ಮನೆಯವರೂ ಹೋದ್ರು. ಅದಕ್ಕೂ ಅಣ್ಣ ಬರ್ಲಿಲ್ಲ. ಊರವರೆಲ್ಲಾ ಬಂದ್ರು, ಬೈಲಪ್ಪ ಎರಡು ಟ್ರಿಪ್ ಹೊಡೆದ. ಆವತ್ತು, ಇನ್ನು ಸತ್ರೂ ಅವನ ಹೆಸರು ಎತ್ತಲ್ಲ ಅಂದ್ಕೊಂಡೆ. ಮಾರನೇ ವಾರ ಯಾರೋ ಸೊಂಟ ಹಿಡ್ಕೊಂಡು ಬಂದ್ರು. ನುಗ್ಗೆ ಮರ ಹೆಂಗಿದೆ ಅಂದೆ. ನಾಚಿಕೆ ಇಲ್ದಿರೋ ಬಾಯಿ.

ಈಗ ಹದಿನೆಂಟು ಇಪ್ಪತ್ತು ದಿನದ ಹಿಂದೆ ಅತ್ತಿಗೆ ಫೋನ್ ಮಾಡಿದ್ಲು. ಜಟ್ಟೆಮ್ಮ, ಅಣ್ಣನ ಹೆಂಡ್ತಿ. ಪಾಪದ ಹೆಂಗಸು, ಒಂಬತ್ತು ವರ್ಷದಲ್ಲಿ ಒಂದ್ಸಲ ಗಂಡನ ಮಾತು ಮೀರಿರ್ಲಿಲ್ಲ. ಯಾರದೋ ಫೋನ್ ಇಸ್ಕೊಂಡು ಹೊಲದಲ್ಲಿ ನಿಂತು ಪಿಸುಗುಟ್ತಿದ್ಲು.

"ಲಚ್ಚಮ್ಮ, ನಿಮ್ಮಣ್ಣ ಕಾಲಿಗೆ ಮೊಳೆ ತುಳ್ಕೊಂಡು ಒಂದು ತಿಂಗಳಾಯ್ತು ಕಣಮ್ಮ. ಸೊಪ್ಪು ಅರ್ದು ಕಟ್ತಾ ಅವ್ರೆ. ಬೆರ್ಳು ಕಪ್ಪಾಗೈತೆ. ವಾಸ್ನೆ ಬತ್ತೈತೆ."

"ಸಕ್ಕರೆ ಕಾಯಿಲೆ ಇದ್ಯಾ?"

"ಐತಂತೆ. ಮಾತ್ರೆ ಬಿಟ್ಟು ಎರಡು ವರ್ಷ ಆಯ್ತು."

"ನೀನೇನ್ ಮಾಡ್ತಿದ್ದೆ? ಕಡ್ಲೆಕಾಯಿ ಬಿಡಿಸ್ತಿದ್ಯಾ? ಕೈ ಕಾಲು ಕಟ್ಟಿ ಗಾಡಿಗೆ ಹಾಕ್ಕೊಂಡು ಬರ್ಬಾರ್ದಾ!"

ಅತ್ತಿಗೆ ಅತ್ತಳು. "ಬರಲ್ಲ ಅಂತಾರೆ. ಅಲ್ಲಿ ಅವ್ಳವ್ಳೆ, ಸಾಯ್ತೀನಿ ಹೊರ್ತು ಅವ್ಳ ಕಣ್ಣೆದುರು ಮಲಗಲ್ಲ ಅಂತಾರೆ. ಬೇರೆ ಆಸ್ಪತ್ರೆ ನಮಗೆ ಯಾರು ಗೊತ್ತು, ಎಲ್ಲಿಗೆ ಅಂತ ಕರ್ಕೊಂಡೋಗ್ಲಿ?"

ಫೋಟೊ ಕಳಿಸಿದ್ಲು. ನಮ್ಮ ವಾರ್ಡಿನ ನರ್ಸು ತೇಜಶ್ರೀ ಸಿಸ್ಟರ್‌ಗೆ ತೋರಿಸ್ದೆ. ನಗನಗ್ತಾ ಇದ್ದ ಹುಡುಗಿ ಫೋಟೊ ದೊಡ್ಡದು ಮಾಡಿ ನೋಡಿದ್ಲು. "ಲಕ್ಷ್ಮಮ್ಮ, ಈ ವಾರ ಬಂದ್ರೆ ಬೆರಳು ಹೋಗ್ಬೋದು. ತಡ ಮಾಡಿದ್ರೆ ಕಾಲು. ಇನ್ನೂ ತಡ ಆದ್ರೆ ಕಾಲೂ ಸಾಕಾಗಲ್ಲ" ಅಂದ್ಲು.

ಆ ದಿನ ಪೂರ್ತಿ ನನ್ನ ತಲೆ ನನ್ನ ಕೈಲಿರ್ಲಿಲ್ಲ. ನೋಡಿ ಎಂಥ ಕರ್ಮ. ಇಡೀ ಊರು ನಾನಿದೀನಿ ಅಂತ ಈ ಆಸ್ಪತ್ರೆಗೆ ಬರತ್ತೆ. ನಮ್ಮಣ್ಣ ಒಬ್ಬ ನಾನಿದೀನಿ ಅಂತಲೇ ಬರಲ್ಲ. ಹಂಗಾದ್ರೆ ನಾನು ಇರಬಾರದು. ಅಷ್ಟೇ ತಾನೆ? ಇರಲ್ಲ.

ಬೈಲಪ್ಪನ ಕೈಲಿ ಹೇಳಿ ಕಳಿಸ್ದೆ: ಮುನಿಲಕ್ಷ್ಮೀನ ಕಾಂಟ್ರಾಕ್ಟರು ಮಂಡ್ಯ ಕಡೆ ಹಾಕಿದಾನೆ, ಶಿವಾಜಿನಗರದಲ್ಲಿ ಈಗ ಅವಳಿಲ್ಲ, ಚಲುವಯ್ಯನ ಕಿವಿಗೆ ಬೀಳಂಗೆ ಹೇಳು ಅಂತ. ಬೈಲಪ್ಪ ಊರ ಮಧ್ಯ ಅರಳಿಕಟ್ಟೆ ಮೇಲೆ ನಿಂತು ಹೇಳ್ಬಿಟ್ಟ, ದಡ್ಡ. ಮಾರನೇ ದಿನ ಗಾಡೀಲಿ ಒಬ್ಬ ರೋಗಿ ಇಲ್ಲ, ಬರೀ ಸೊಪ್ಪು. ಮುನಿಲಕ್ಷ್ಮಿ ಇಲ್ಲ ಅಂದ್ಮೇಲೆ ಯಾಕೆ ಹೋಗೋದು ಅಂತ ಎಲ್ಲರೂ ಮನೇಲೇ ಕೂತವ್ರೆ! ಒಬ್ಬ ಬಸುರಿ ಅತ್ತಳಂತೆ. ಆಮೇಲೆ ಬೈಲಪ್ಪ ಮನೆಮನೆಗೆ ಹೋಗಿ, ಇಲ್ಲೇ ಅವ್ಳೆ, ಚಲುವಯ್ಯನಿಗೆ ಮಾತ್ರ ಹೇಳ್ಬೇಡಿ ಅಂತ ಗುಟ್ಟಲ್ಲಿ ಹೇಳ್ಬೇಕಾಯ್ತು. ನಮ್ಮೂರಲ್ಲಿ ಒಂದು ಕೋಳಿ ಮೊಟ್ಟೆ ಇಟ್ರೆ ಊರಿಗೆಲ್ಲಾ ಸುದ್ದಿ. ಅಂಥ ಊರು ಅರವತ್ತು ಮನೆ ಸೇರ್ಕೊಂಡು ಒಂದು ಸುಳ್ಳನ್ನ ಬಾಯಲ್ಲಿ ಇಟ್ಕೊಂಡು ಕೂತ್ಕೊಂತು.

ಈ ಕಡೆ ನಾನು ಬಿಲ್ಕೀಸ್ ಕಾಲು ಹಿಡ್ದೆ. ಬಿಲ್ಕೀಸ್ ಹಿಂದಿನ ಲಾಂಡ್ರಿ ಶೆಡ್ಡಲ್ಲಿ ಬಟ್ಟೆ ಒಗೆಯೋಳು, ನನ್ನ ಜೊತೆಗಾತಿ, ಇಲ್ಲೇ ಶಿವಾಜಿನಗರದ ಗಲ್ಲಿಯೋಳು. ಅವಳು ನನ್ನ ಜಾಗಕ್ಕೆ ವಾರ್ಡಿಗೆ, ನಾನು ಅವಳ ಜಾಗಕ್ಕೆ ಶೆಡ್ಡಿಗೆ.

"ನಿನ್ನ ಭಾಯಿ ಅಂದ್ರೆ ನನ್ನ ಭಾಯಿ," ಅಂದ್ಲು. "ಆದ್ರೆ ನಿನ್ನ ಥರ ಬೈಯಕ್ಕೆ ನನಗೆ ಬರಲ್ಲ, ಹಾಂ."

"ಬೈಬೇಡ. ಚೆನ್ನಾಗಿ ನೋಡ್ಕೊ. ಎಲ್ಲರಿಗೂ ಹೇಳು, ಚೆನ್ನಾಗಿ ನೋಡ್ಕೊಳ್ಳಿ ಅಂತ."

ನಾನೂ ಹೇಳ್ದೆ. ಗೇಟಿನ ವಾಚ್‌ಮನ್‌ಗೆ, ಚೀಟಿ ಕೊಡೋ ಹುಡುಗನಿಗೆ, ಗಾಯಕ್ಕೆ ಕಟ್ಟು ಕಟ್ಟೋ ರೂಮಿನೋರಿಗೆ, ವೀಲ್‌ಚೇರ್ ತಳ್ಳೋನಿಗೆ. ಚಲುವಯ್ಯ ಅಂತ ಬರ್ತಾರೆ, ನಮ್ಮಣ್ಣ, ನಾನಿಲ್ಲಿಲ್ಲ ಅಂತ ಲೆಕ್ಕ, ಆದ್ರೂ ನಾನೇ ಕರ್ಕೊಂಡು ಬಂದಿದೀನಿ ಅಂದ್ಕೊಳ್ಳಿ. ಮೇಸ್ತ್ರಿ ಹತ್ರ ಕೈಮುಗ್ದು ಒಂದೇ ಕೇಳ್ದೆ: "ಅತ್ತಿಗೇನ ಮಾತ್ರ ಯಾವ ಕಾರಣಕ್ಕೂ ಹೊರಗೆ ಕಳಿಸ್ಬೇಡಿ ಸಾರ್. ಬೆಡ್ ಪಕ್ಕಾನೇ ಇರ್ಲಿ." ಅವನು ನನ್ನ ಮುಖ ನೋಡ್ದ. ಒಂಬತ್ತು ವರ್ಷದ ಹಿಂದಿನದು ಜ್ಞಾಪಕ ಬಂತೋ ಏನೋ. ಆಯ್ತು ಹೋಗಮ್ಮ ಅಂದ.

ಭಾನುವಾರ ಅಣ್ಣ ಬಂದ. ಸೊಪ್ಪಿನ ಗಾಡೀಲೇ. ನಾನು ಶೆಡ್ಡಲ್ಲಿದ್ದೆ. ಮೂಗಿಗೆ ಬರೀ ಸೋಡಾ ಪುಡಿ ವಾಸನೆ, ಆದ್ರೂ ಆ ಹೊತ್ತಿಗೆ ಕೊತ್ತಂಬರಿ ಘಮ್ ಅಂದಂಗಾಯ್ತು. ನನ್ನ ಭ್ರಮೆ ಇರ್ಬೇಕು.

ಸಂಜೆ ಬಿಲ್ಕೀಸ್ ಕುಣ್ಕೊಂಡು ಬಂದ್ಲು. "ಅರೆ, ಏನ್ ಮರ್ಯಾದೆ ಅಂತೀಯಾ! ಗೇಟಲ್ಲೇ ವಾಚ್‌ಮನ್ ಎದ್ದು ನಿಂತು 'ಬನ್ನಿ ಚಲುವಯ್ಯನವರೇ' ಅಂದ. ಚೀಟಿ ಹುಡ್ಗ 'ಕೂತ್ಕೊಳ್ಳಿ ಯಜಮಾನ್ರೇ, ನೀವ್ಯಾಕೆ ನಿಲ್ತೀರಾ' ಅಂದ. ವೀಲ್‌ಚೇರ್ ಹುಡ್ಗ ಟೀ ತಂದ್ಕೊಟ್ಟ. ಡಾಕ್ಟ್ರು ಬೇರೆ ಹೆಸರು ಹಿಡಿದು ಕರೆದ್ರು."

"ಅಣ್ಣ ಏನಂದ?"

"ಏನಿಲ್ಲ. ಎಲ್ಲರ ಮುಖಾನೂ ಒಂದ್ಸಲ ನೋಡಿ ತಲೆ ತಗ್ಗಿಸ್ಕೊಂಡ್ರು."

ನಾನು ಖುಷಿಪಟ್ಟೆ. ಮಂಕು ಮುಂಡೇದು, ಖುಷಿಪಟ್ಟೆ. ಹೆಚ್ಚಿಗೆ ಯೋಚ್ನೆ ಮಾಡೋ ಬುದ್ಧಿ ಆಗ ನನಗೆಲ್ಲಿತ್ತು?

ಮಂಗಳವಾರ ಆಪರೇಷನ್. ಎರಡು ಬೆರಳು ತೆಗೀತಾರೆ ಅಂದ್ರು. ಲಾಂಡ್ರಿ ಶೆಡ್ಡಿನ ಮುಂದೆ ಬಟ್ಟೆ ಒಣಗಿಸೋ ಅಂಗಳ. ಅಂಗಳದ ಆಚೆ ಆ ಮರ. ಅದರ ಆಚೆ ನಮ್ಮ ವಾರ್ಡಿನ ಕಿಟಕಿ ಸಾಲು, ಪಕ್ಕದಲ್ಲಿ ಆಪರೇಷನ್ ರೂಮಿಗೆ ಹೋಗೋ ದಾರಿ. ಹತ್ತು ಗಂಟೆಗೆ ಅಣ್ಣನ್ನ ಗಾಲಿ ಮಂಚದ ಮೇಲೆ ಮಲಗ್ಸಿ ತಳ್ಕೊಂಡು ಬಂದ್ರು. ನಾನು ಒದ್ದೆ ಬೆಡ್‌ಶೀಟ್ ಹಿಂದೆ ನಿಂತೆ. ಶೀಟ್ ಒಂದು ಬೆರಳಷ್ಟು ಸರ್ಸಿ ನೋಡ್ದೆ.

ತಲೆಯೆಲ್ಲಾ ಬೆಳ್ಳಗಾಗ್ಬಿಟ್ಟಿದೆ. ಕೆನ್ನೆ ಒಳಕ್ಕೆ ಹೋಗಿದೆ. ನನ್ನನ್ನ ಹೊತ್ಕೊಂಡಿದ್ದ ಹೆಗಲು ಇಷ್ಟೇ ಇಷ್ಟಾಗಿದೆ. ಯಾರೂ ನನಗೆ ಹೇಳೇ ಇರ್ಲಿಲ್ಲ. ಒಂಬತ್ತು ವರ್ಷ ನುಗ್ಗೆ ಮರ ಕೇಳ್ದೆ, ಹೆಂಚು ಕೇಳ್ದೆ, ಬೀಸೋ ಕಲ್ಲು ಕೇಳ್ದೆ, ನಮ್ಮಣ್ಣನ ತಲೆ ಹಣ್ಣಾಯ್ತಾ ಅಂತ ಒಂದ್ಸಲ ಕೇಳ್ಲಿಲ್ಲವಲ್ಲ. ಓಡಿ ಹೋಗಿ ಆ ಮಂಚ ಹಿಡ್ಕೊಂಡು "ಅಣ್ಣಾ" ಅನ್ಬೇಕು ಅನ್ನಿಸ್ತು. ಹತ್ತು ಹೆಜ್ಜೆ, ಅಷ್ಟೇ. ಆದ್ರೆ ನನ್ನನ್ನ ನೋಡಿ ಎದ್ದು ಹೊರಟೋದ್ರೆ? ಹೊರಡೋನೇ ಅವನು, ಅಂಥ ಹಠ. ಶೀಟನ್ನ ಬಾಯಿಗೆ ಒತ್ಕೊಂಡು ಅಲ್ಲೇ ನಿಂತೆ. ಬಾಯೆಲ್ಲಾ ಸೋಪು.

ಆಮೇಲೆ ಮಧ್ಯಾಹ್ನದ ತನಕ ಮರದ ಕೆಳಗೆ ಕೂತಿದ್ದೆ. ಒಳಗೆ ನಮ್ಮೋರು, ಹೊರಗೆ ನಾವು, ಏನಾಯ್ತೋ ಗೊತ್ತಿಲ್ಲ, ಯಾರೂ ಬಂದು ಹೇಳಲ್ಲ. ಅಣ್ಣ ಅವತ್ತು ಇಲ್ಲೇ ಕೂತಿದ್ದ. ನಾನು ಕಳಿಸಿದ್ದು ಕಾಲು ಗಂಟೆಗೆ ಅಂತ ಒಂಬತ್ತು ವರ್ಷ ನನಗೆ ನಾನೇ ಹೇಳ್ಕೊಂಡಿದ್ದೆ. ಕಾಲು ಗಂಟೆ ಎಷ್ಟು ಉದ್ದ ಅಂತ ಆ ಮರದ ಕೆಳಗೆ ಕೂತವರಿಗೇ ಗೊತ್ತು. ತಪ್ಪಾಯ್ತು ಕಣಣ್ಣ ಅಂತ ಗಟ್ಟಿಯಾಗೇ ಹೇಳ್ದೆ. ಕೇಳಿಸ್ಕೊಂಡಿದ್ದು ಎರಡು ಕಾಗೆ.

ಆಪರೇಷನ್ ಚೆನ್ನಾಗಾಯ್ತು. ಎರಡು ಬೆರಳು ಹೋಯ್ತು, ಪಾದ ಉಳೀತು. ಅದಾದ್ಮೇಲೆ ನನಗೆ ದುರಾಸೆ ಶುರುವಾಯ್ತು. ದಿನಾ ಸಂಜೆ ಐದು ಗಂಟೆಗೆ ಒಣಗಿದ ಬಟ್ಟೆ ತೆಗೆಯೋ ನೆಪದಲ್ಲಿ ಅಂಗಳಕ್ಕೆ ಹೋಗ್ತಿದ್ದೆ. ಅಣ್ಣಂದು ಮೂರನೇ ಕಿಟಕಿ. ಶೀಟ್ ಹಿಂದೆ ನಿಂತು ಒಂದೊಂದಾಗಿ ಮಡಿಸ್ತಾ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸ್ತಾ, ಕತ್ತಲಾಗೋವರೆಗೂ ನೋಡ್ತಿದ್ದೆ. ಅವನೂ ಆ ಹೊತ್ತಿಗೆ ಸರಿಯಾಗಿ ಎದ್ದು ಕೂತು ಕಿಟಕಿಗೆ ಮುಖ ಮಾಡ್ಕೊಳ್ಳೋನು. ಗಾಳಿಗೆ ಇರ್ಬೇಕು ಅಂದ್ಕೊಂಡೆ. ಬೆಕ್ಕು ಕಣ್ಮುಚ್ಚಿ ಹಾಲು ಕುಡಿಯತ್ತಲ್ಲ, ಥೇಟ್ ಹಂಗೆ.

ಬಿಲ್ಕೀಸ್ ದಿನಾ ವರದಿ ಒಪ್ಪಿಸ್ತಿದ್ಲು. ಇವತ್ತು ಎರಡು ಇಡ್ಲಿ ತಿಂದ್ರು. ಇವತ್ತು ಗೋಡೆ ಹಿಡ್ಕೊಂಡು ನಡೆದ್ರು. ಇವತ್ತು ನನ್ನನ್ನ ಕೇಳಿದ್ರು, ಏನಮ್ಮ, ನೀನು ಮೊದ್ಲು ಯಾವ ಕೆಲಸ ಮಾಡ್ತಿದ್ದೆ ಅಂತ.

"ನೀನೇನಂದೆ?"

"ಲಾಂಡ್ರಿ ಅಂದೆ. ಸುಳ್ಳು ಯಾಕೆ ಹೇಳ್ಲಿ? ಹಂಗಾದ್ರೆ ಈಗ ಬಟ್ಟೆ ಯಾರು ಒಗೀತಾರೆ ಅಂದ್ರು. ಯಾರೋ ಒಬ್ಬಳು ಜಗಳಗಂಟಿ ಅಂದೆ." ಬಿಲ್ಕೀಸ್ ನಕ್ಕಳು. "ಯಾ ಅಲ್ಲಾ, ಆ ಮನುಷ್ಯ ಮೊದಲ್ನೇ ಸಲ ನಗಾಡಿದ್ರು ನೋಡು."

ನಗಾಡಿದ್ನಾ, ಹೆಂಗೆ ನಗಾಡ್ದ, ಹಲ್ಲು ಎಲ್ಲಾ ಇದ್ಯಾ ಅಂತ ನಾಲ್ಕು ಸಲ ಕೇಳ್ದೆ. ಅವಳಿಗೆ ಸಾಕಾಗಿ ಹೋಯ್ತು.

ಇವತ್ತು ಗುರುವಾರ ಡಿಸ್ಚಾರ್ಜ್. ಹನ್ನೆರಡನೇ ದಿನ. ಬೆಳಿಗ್ಗೆಯಿಂದ ವಾಸಿಯಾಯ್ತಲ್ಲ ಅನ್ನೋ ಸಂತೋಷ ಒಂದು ಕಡೆ, ಇನ್ನು ಆ ಕಿಟಕಿ ಖಾಲಿ ಅನ್ನೋದು ಒಂದು ಕಡೆ. ಇನ್ನೂ ಎರಡು ದಿನ ಇರ್ಲಿ ಅಂತ ಡಾಕ್ಟ್ರು ಹೇಳ್ಬಾರ್ದಾ ಅನ್ನಿಸ್ತು. ಎಂಥ ತಂಗಿ ನೋಡಿ, ಅಣ್ಣ ಆಸ್ಪತ್ರೇಲಿ ಇರ್ಲಿ ಅಂತ ಬೇಡ್ಕೊಳ್ಳೋಳು.

ಒಂಬತ್ತೂವರೆ ಇರ್ಬೋದು, ಬೈಲಪ್ಪ ಮಾರ್ಕೆಟ್ಟಲ್ಲಿ ಸೊಪ್ಪು ಇಳ್ಸಿ ಖಾಲಿ ಗಾಡಿ ತಂದು ಗೇಟ್ ಹತ್ರ ನಿಲ್ಸೋ ಹೊತ್ತು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ತೊಟ್ಟಿ ಮುಂದೆ ನಿಂತಿದ್ದೆ. ಶೆಡ್ಡಿನ ಬಾಗ್ಲಲ್ಲಿ ಯಾರೋ ನಿಂತಂಗಾಯ್ತು. ನೋಡಿದ್ರೆ ಜಟ್ಟೆಮ್ಮ. ಕೈಯಲ್ಲಿ ಮೊರ. ಮೊರದ ಮೇಲೆ ಅಣ್ಣನ ಕೆಂಪು ಗೆರೆ ಟವಲ್ ಮುಚ್ಚಿತ್ತು.

ನಾನು ಗಾಬರಿಯಾಗಿ, "ಅತ್ತಿಗೆ! ಇಲ್ಲಿಗ್ಯಾಕೆ ಬಂದೆ? ಅಣ್ಣ ನೋಡಿದ್ರೆ?" ಅಂದೆ.

"ನಿಮ್ಮಣ್ಣಾನೇ ಕಳ್ಸವ್ರೆ," ಅಂದ್ಲು.

ನನ್ನ ಕೈಯಿಂದ ಬಟ್ಟೆ ಜಾರಿ ತೊಟ್ಟಿಗೆ ಬಿತ್ತು.

"ಬಂದ ದಿನಾನೇ ಗೊತ್ತಾಯ್ತಂತೆ ಕಣಮ್ಮ. ರಾತ್ರಿ ನನ್ನ ಕೇಳಿದ್ರು, 'ಐವತ್ತೆಂಟು ವರ್ಷ ಬದುಕಿದೀನಿ, ಯಾವ ಆಫೀಸಲ್ಲೂ ಯಾವ ಬಾಗ್ಲಲ್ಲೂ ಒಬ್ಬನೂ ನನ್ನ ಅವರೇ ಅಂತ ಕರೆದಿಲ್ಲ. ಇಲ್ಲಿ ಗೇಟಲ್ಲೇ ಚಲುವಯ್ಯನವರೇ ಅಂದ್ರು. ಲಚ್ಚಿ ಎಲ್ಲವ್ಳೆ ಹೇಳು' ಅಂತ. ನಾನು ಬಾಯಿ ಬಿಡ್ಲಿಲ್ಲ. ಆಮೇಲೆ ಆಪರೇಷನ್ನಿಗೆ ಹೋಗೋವಾಗ ಅವ್ರೇ ನೋಡಿದ್ರಂತೆ. ನೀನು ಶೀಟ್ ಹಿಂದೆ ಬಚ್ಚಿಟ್ಕೊಂಡಿದ್ದೆ. ಶೀಟ್ ಕೆಳಗೆ ನಿನ್ನ ಕಾಲು ಕಾಣ್ತಿತ್ತು."

ನಾನು ನನ್ನ ಕಾಲು ನೋಡ್ಕೊಂಡೆ. ಒದ್ದೆ ನೆಲದ ಮೇಲೆ ಎಡಗಾಲು ಒಳಕ್ಕೆ ತಿರುಗಿ ನಿಂತಿತ್ತು.

"ದಿನಾ ಸಂಜೆ ಐದಾದ್ರೆ ಸಾಕು, ಎತ್ತಿ ಕೂರ್ಸು ಅನ್ನೋರು. ಯಾಕೆ ಅಂದ್ರೆ, 'ಅವ್ವನ ಕಾಲು ಬತ್ತದೆ, ನೋಡ್ಬೇಕು' ಅನ್ನೋರು." ಜಟ್ಟೆಮ್ಮ ಮೊರ ಕೆಳಗಿಟ್ಟು ಕಣ್ಣೊರೆಸ್ಕೊಂಡ್ಲು.

"ಹಂಗಾದ್ರೆ ಒಂದ್ಸಲ ಕರೀಬಾರದಾಗಿತ್ತಾ? ಹನ್ನೆರಡು ದಿನ! ನಾನಿಲ್ಲಿ ನಾಯಿ ಥರ ಕಾದಿದ್ದೆ!" ಅಂತ ಕಿರುಚಿದೆ. ನನ್ನ ಬಾಯಿಗೆ ಕೋಪ ಮೊದ್ಲು ಬರತ್ತೆ, ಏನು ಮಾಡ್ಲಿ.

"ನಾನೂ ಅದೇ ಅಂದೆ. 'ಆಸ್ಪತ್ರೇಲಿ ಬಾ ಅನ್ನಬಾರದು ಕಣೇ' ಅಂದ್ರು."

ಆಮೇಲೆ ಅತ್ತಿಗೆ ಟವಲ್ ತೆಗೆದ್ಲು. ನಮ್ಮನೆ ಅಕ್ಕಿ, ನುಚ್ಚು ಬೆರೆತ ರೇಷನ್ ಅಕ್ಕಿ. ಬೆಲ್ಲದ ಅಚ್ಚು, ಕಾಯಿ, ಎಲೆ ಅಡಿಕೆ, ಹಸಿರು ರವಿಕೆ ಕಣ. ಪಕ್ಕದಲ್ಲಿ ನಾಲ್ಕು ನುಗ್ಗೇಕಾಯಿ. ಬುಧವಾರ ಬೈಲಪ್ಪನ ಕೈಲಿ ಮನೆಯಿಂದ ತರ್ಸಿದಾನೆ, ಮೊರ ಸಮೇತ, ಅವ್ವನ ಮೊರ. ಗಂಡ ಇಲ್ದೋಳಿಗೆ ಯಾಕೆ ಇದೆಲ್ಲಾ ಅಂದೆ. "ಮಗಳಿಗೆ ಮಡಿಲು ತುಂಬಕ್ಕೆ ಅದ್ಯಾಕೆ ಬೇಕು ಅಂದ್ರು ನಿಮ್ಮಣ್ಣ. ಸೆರಗು ಒಡ್ಡು," ಅಂದ್ಲು.

ಒಡ್ಡಿದೆ. ಸೋಪಿನ ನೀರಲ್ಲಿ ನೆಂದ ಸೆರಗು. ಸುತ್ತ ಒದ್ದೆ ಬೆಡ್‌ಶೀಟು, ರಕ್ತದ ಕಲೆ ಹೋಗದಿರೋ ದಿಂಬಿನ ಚೀಲ. ಜಟ್ಟೆಮ್ಮ ಮೂರು ಹಿಡಿ ಅಕ್ಕಿ, ಮೊರದಲ್ಲಿದ್ದ ಮಿಕ್ಕಿದ್ದೆಲ್ಲಾ ಹಾಕಿದ್ಲು. ನನ್ನ ಕೈ ತಾನಾಗೇ ಒಂದು ಹಿಡಿ ತೆಗೆದು ಮೊರದ ಕಡೆ ಹೋಯ್ತು. ಒಂಬತ್ತು ವರ್ಷ ಆದ್ರೂ ಕೈ ಮರ್ತಿರ್ಲಿಲ್ಲ.

ಜಟ್ಟೆಮ್ಮ ಮೊರ ಹಿಂದಕ್ಕೆ ಎಳ್ಕೊಂಡ್ಲು.

"ಇಲ್ಲಿ ಬೇಡ್ವಂತೆ. 'ಆ ಹಿಡಿ ಮನೆ ಹೊಸ್ಲಲ್ಲೇ ಹಾಕ್ಬೇಕು, ಅವಳಿಗೆ ಗೊತ್ತಲ್ಲ' ಅಂದ್ರು."

ಖಾಲಿ ಮೊರ ಕಂಕುಳಿಗೆ ಸಿಕ್ಕಿಸ್ಕೊಂಡು, ಬರ್ತೀನಿ ಅಂತ ಅನ್ನದೆ, ತಿರುಗಿ ನೋಡ್ದೆ ಹೊರಟೋದ್ಲು. ನಾನು ಹಿಡಿ ಬಿಗಿ ಹಿಡ್ಕೊಂಡೇ ಶೆಡ್ಡಿಂದ ಗೇಟ್ ತನಕ ಓಡ್ದೆ. ಬೈಲಪ್ಪನ ಗಾಡಿ ಹೊರಟಿತ್ತು. ಹಿಂದೆ ಖಾಲಿ ಚೀಲಗಳ ಮೇಲೆ ಅಣ್ಣ ಕೂತಿದ್ದ, ಬಿಳಿ ಕಟ್ಟು ಹಾಕಿದ ಕಾಲು ನೀಡ್ಕೊಂಡು, ನನಗೆ ಬೆನ್ನು ಮಾಡ್ಕೊಂಡು. ತಿರುಗಿ ನೋಡ್ಲಿಲ್ಲ. ನೋಡಬಾರದು. ಆದ್ರೆ ಗಾಡಿ ತಿರುವಿಗೆ ಹೋಗೋವರೆಗೂ ಒಂದು ಕೈ ಎತ್ತಿ ಹೆಗಲ ಮೇಲೆ ಇಟ್ಕೊಂಡಿದ್ದ, ಚಿಕ್ಕವಳಿದ್ದಾಗ ನಾನು ಬೀಳದ ಹಾಗೆ ನನ್ನ ಕಾಲು ಹಿಡ್ಕೊಳ್ತಿದ್ದನಲ್ಲ, ಆ ಜಾಗದಲ್ಲಿ.

ಆ ಹಿಡಿ ಅಕ್ಕೀನ ಸೆರಗಿನ ತುದೀಲಿ ಬೇರೆ ಗಂಟು ಹಾಕಿದೀನಿ. ಭಾನುವಾರ ನನಗೆ ವಾರದ ರಜ. ಅಲ್ಲೀವರೆಗೂ ಇನ್ನೂ ಮೂರು ರಾತ್ರಿ ಕಳೀಬೇಕು, ಒಂಬತ್ತು ವರ್ಷ ಕಳೆದಿದ್ದು ಇದಕ್ಕಿಂತ ಸಲೀಸಾಗಿತ್ತು. ಮಧ್ಯಾಹ್ನವೇ ಬೈಲಪ್ಪನಿಗೆ ಫೋನ್ ಮಾಡ್ದೆ.

"ಭಾನುವಾರ ವಾಪಸ್ ಹೋಗೋವಾಗ ಗಾಡೀಲಿ ಒಬ್ಬರಿಗೆ ಜಾಗ ಇಟ್ಟಿರು."

"ಇಡ್ತೀನಕ್ಕ. ಯಾರು, ಡಿಸ್ಚಾರ್ಜ್ ಆಗಿರೋರಾ? ಯಾರ ಮನೆಯೋರು?"

"ಚಲುವಯ್ಯನ ಮನೆಯೋಳು ಕಣೋ," ಅಂದೆ.